ರಶ್ ಲಿಂಬಾ ಅವರನ್ನು ಬೆಳೆಸಿದ ಸಣ್ಣ ನಿಲಯಗಳ ಬಗ್ಗೆ: ಅಮೆರಿಕದ ಸಂಪರ್ಕ ಆಯೋಗಕ್ಕೊಂದು ಬಹಿರಂಗ ಪತ್ರ

ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್‌ನ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಮಾನ್ಯರೇ,

ಒಬ್ಬರ ಕೈಯಲ್ಲಿ ಎಷ್ಟು ರೇಡಿಯೊ ನಿಲಯಗಳಿರಬಹುದು ಎಂಬ ಮಿತಿಯನ್ನು ತಮ್ಮ ಆಯೋಗ ನಾಲ್ಕು ವರ್ಷಕ್ಕೊಮ್ಮೆ ಮರುಪರಿಶೀಲಿಸಬೇಕೆಂದು ಕಾನೂನು ವಿಧಿಸಿದೆ. ಮಿತಿಯನ್ನು ಸಡಿಲಿಸಿ ಎಂದು ನಿಲಯಗಳ ಮಾಲೀಕರ ಸಂಘ ಕೇಳುತ್ತಲೇ ಬಂದಿದೆ. ಈ ವಿಷಯದಲ್ಲಿ ನನಗೆ ಹೇಳಬೇಕೆನಿಸಿದ್ದನ್ನು ಒಬ್ಬ ಮನುಷ್ಯನ ಬದುಕಿನ ಮೂಲಕ ಹೇಳುತ್ತೇನೆ. ಅಮೆರಿಕದ ರೇಡಿಯೊ ಹೇಗೆ ಕೆಟ್ಟಿತು ಎಂದು ಕೊರಗುವವರೂ ಹೇಗೆ ಉಳಿಯಿತು ಎಂದು ಹಿಗ್ಗುವವರೂ ಎತ್ತುವುದು ಅದೊಂದೇ ಹೆಸರನ್ನು: ಬಲಪಂಥೀಯ ರೇಡಿಯೊ ಮಾತುಗಾರ ರಶ್ ಲಿಂಬಾ.

1987ರಲ್ಲಿ ಆಯೋಗವು ಫೇರ್‌ನೆಸ್ ಡಾಕ್ಟ್ರಿನ್ ಎಂಬ ಸಮತೋಲನದ ನಿಯಮವನ್ನು ರದ್ದು ಮಾಡಿದ್ದರಿಂದಲೇ ಲಿಂಬಾ ಹುಟ್ಟಿಕೊಂಡರು, ಅದನ್ನು ಮರಳಿ ತಂದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಒಂದು ಪಕ್ಷದ ವಾದ. ಸರ್ಕಾರ ಕೈ ತೆಗೆದದ್ದರಿಂದಲೇ ಆ ಪ್ರತಿಭೆ ಅರಳಿತು, ಆದ್ದರಿಂದ ಉಳಿದ ನಿಯಮಗಳನ್ನೂ ತೆಗೆಯಿರಿ ಎಂಬುದು ಇನ್ನೊಂದು ಪಕ್ಷದ ವಾದ. ಪರಸ್ಪರ ಮುಖ ನೋಡದ ಈ ಎರಡು ಪಕ್ಷಗಳು ಒಂದು ವಿಷಯದಲ್ಲಿ ಒಮ್ಮತದಿಂದಿವೆ: ತಮ್ಮ ಆಯೋಗದ ಒಂದು ಆದೇಶವೇ ಎಲ್ಲಕ್ಕೂ ಕಾರಣ. ಲಿಂಬಾ ಅವರ ವೃತ್ತಿಜೀವನವನ್ನು ವರ್ಷವರ್ಷವಾಗಿ ನೋಡುತ್ತ ಹೋದರೆ ಆ ಮಾತು ನಿಲ್ಲುವುದಿಲ್ಲ.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಇಲ್ಲಿ ಕನ್ನಡದಲ್ಲಿ ಪ್ರಕಟಿಸುತ್ತಿರುವುದಕ್ಕೆ ಕಾರಣವಿದೆ. ಈ ದೇಶದಲ್ಲಿ ನೆಲೆಸಿ, ತೆರಿಗೆ ಕಟ್ಟಿ, ಮತ ಹಾಕುವ ಕನ್ನಡಿಗರಲ್ಲಿ ಅನೇಕರು ಲಿಂಬಾ ಅವರ ಮಾತನ್ನು ಕಾರಿನಲ್ಲಿ ವರ್ಷಗಟ್ಟಲೆ ಕೇಳಿದವರು, ಆ ಹೆಸರಿಗಾಗಿ ಯುಗಾದಿಯ ಊಟದ ಪಂಕ್ತಿಯಲ್ಲಿ ಮಾತು ಬಿಟ್ಟವರೂ ಇದ್ದಾರೆ. ನಾನು ಮಿಸೌರಿಯಲ್ಲಿ ವಾಸಿಸುವವನು. ಲಿಂಬಾ ಅವರ ರಾಜಕೀಯ ನನ್ನದಲ್ಲ. ಆದರೂ ಅವರ ಕಸುಬಿನ ಮೇಲೆ ಅವರಿಗಿದ್ದ ಹಿಡಿತವನ್ನು ಅಲ್ಲಗಳೆಯುವಷ್ಟು ಕಿವುಡು ನನಗಿಲ್ಲ.

ಲಿಂಬಾ ಹುಟ್ಟಿದ್ದು 1951ರ ಜನವರಿ 12ರಂದು, ಮಿಸಿಸಿಪ್ಪಿ ನದಿಯ ದಂಡೆಯ ಮೇಲಿರುವ ಕೇಪ್ ಜಿರಾರ್ಡೊ ಎಂಬ ಊರಿನಲ್ಲಿ. ಮನೆತನ ವಕೀಲರದ್ದು, ನ್ಯಾಯಾಧೀಶರದ್ದು. ಅಜ್ಜನ ಹೆಸರೂ ರಶ್ ಲಿಂಬಾ. ನೂರು ವರ್ಷ ತುಂಬಿದ ಮೇಲೂ ವಕೀಲಿ ವೃತ್ತಿಯನ್ನು ಬಿಡದ ಆ ಹಿರಿಯರ ಹೆಸರನ್ನೇ ಊರಿನ ಫೆಡರಲ್ ನ್ಯಾಯಾಲಯದ ಕಟ್ಟಡಕ್ಕೆ ಇಡಲಾಗಿದೆ. 1950ರ ದಶಕದ ಕೊನೆಯಲ್ಲಿ ಅವರು ಅಮೆರಿಕ ಸರ್ಕಾರದ ಪರವಾಗಿ ಭಾರತಕ್ಕೆ ಬಂದು ಕಾನೂನಿನ ಕುರಿತು ಉಪನ್ಯಾಸ ಮಾಡಿ ಹೋಗಿದ್ದರು. ತಂದೆಯೂ ಎರಡನೆಯ ಮಹಾಯುದ್ಧದಲ್ಲಿ ಚೀನಾ, ಬರ್ಮಾ, ಭಾರತಗಳ ರಣರಂಗದಲ್ಲಿ ಯುದ್ಧವಿಮಾನ ಹಾರಿಸಿ, ಹಿಂದಿರುಗಿ ವಕೀಲರಾದವರು. ಇಂಥ ಮನೆಯಲ್ಲಿ ಹುಡುಗನೊಬ್ಬ ಓದು ಬೇಡ, ರೇಡಿಯೊದಲ್ಲಿ ಹಾಡು ಹಾಕುತ್ತೇನೆ ಎಂದರೆ ಏನಾದೀತು ಎಂಬುದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಹದಿನಾರನೆಯ ವಯಸ್ಸಿಗೆ ಆ ಹುಡುಗ ಕೆಜಿಎಂಒ ಎಂಬ ಊರಿನ ನಿಲಯದಲ್ಲಿ ಮೈಕಿನ ಮುಂದೆ ಕುಳಿತಿದ್ದ. ನಿಲಯದಲ್ಲಿ ತಂದೆಗೆ ಪಾಲಿತ್ತು ಎಂಬುದನ್ನು ಮರೆಯಬಾರದು. ಬಾಗಿಲು ತಾನಾಗಿ ತೆರೆದದ್ದೇನಲ್ಲ. ಆಗ ಇಟ್ಟುಕೊಂಡ ಹೆಸರು ರಸ್ಟಿ ಶಾರ್ಪ್. ಮನೆಯವರ ಒತ್ತಾಯಕ್ಕೆ ಊರಿನ ಕಾಲೇಜಿಗೆ ಸೇರಿ, ಎರಡು ಸೆಮಿಸ್ಟರ್ ಮತ್ತೊಂದು ಬೇಸಿಗೆ ಕಳೆದು ಕೈಬಿಟ್ಟಾಯಿತು. 1971ರಲ್ಲಿ ಪಿಟ್ಸ್‌ಬರ್ಗ್ ಬಳಿಯ ಮಕೀಸ್‌ಪೋರ್ಟ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನ ನಿಲಯದಲ್ಲಿ ಜೆಫ್ ಕ್ರಿಸ್ಟಿ ಎಂಬ ಇನ್ನೊಂದು ಹೆಸರಿನಿಂದ ಕೆಲಸ. ಅಲ್ಲಿಂದ ಪಿಟ್ಸ್‌ಬರ್ಗ್, ಅಲ್ಲಿಂದ ಕಾನ್ಸಾಸ್ ಸಿಟಿ. ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಹೋಯಿತು. 1979ರಲ್ಲಿ ರೇಡಿಯೊವನ್ನೇ ಬಿಟ್ಟು ಕಾನ್ಸಾಸ್ ಸಿಟಿ ರಾಯಲ್ಸ್ ಎಂಬ ಬೇಸ್‌ಬಾಲ್ ತಂಡದ ಪ್ರಚಾರ ವಿಭಾಗ ಸೇರಿ, ಕಡಿಮೆ ಸಂಬಳಕ್ಕೆ ಟಿಕೆಟ್ ಮಾರಾಟದಂಥ ಕೆಲಸಗಳಲ್ಲಿ ಕೆಲವು ವರ್ಷ ಕಳೆದರು. 1983ರಲ್ಲಿ ಅದೇ ನಗರದ ಒಂದು ನಿಲಯಕ್ಕೆ ಮರಳಿದರು; ಅದೂ ಹೆಚ್ಚು ಕಾಲ ಉಳಿಯಲಿಲ್ಲ. 1984ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಕೆಎಫ್‌ಬಿಕೆ ನಿಲಯ ಕರೆದಾಗ ಅವರ ವಯಸ್ಸು ಮೂವತ್ಮೂರು, ಮತ್ತು ಹೇಳಿಕೊಳ್ಳುವಂಥ ಸಾಧನೆ ಯಾವುದೂ ಇರಲಿಲ್ಲ.

ಈ ವರ್ಷಗಳ ಬಗ್ಗೆ ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಪತ್ರದ ತಿರುಳೇ ಇಲ್ಲಿದೆ. ಒಬ್ಬ ತರುಣನಿಗೆ ಕೆಲಸ ಕೊಟ್ಟು, ಕಿತ್ತುಕೊಂಡು, ಇನ್ನೊಂದು ಊರಿನಲ್ಲಿ ಮತ್ತೆ ಕೊಟ್ಟು, ಹದಿನೇಳು ವರ್ಷ ಕಾಲ ಧ್ವನಿಯನ್ನೂ ಮಾತಿನ ಲಯವನ್ನೂ ತಿದ್ದಿಕೊಳ್ಳಲು ಅವಕಾಶ ಮಾಡಿಕೊಟ್ಟದ್ದು ಬೇರೆ ಬೇರೆ ಮಾಲೀಕರ ಕೈಯಲ್ಲಿದ್ದ ಬೇರೆ ಬೇರೆ ಊರಿನ ನಿಲಯಗಳು. ಒಬ್ಬ ಮಾಲೀಕ ಬೇಡವೆಂದರೆ ಮತ್ತೊಬ್ಬನ ಬಾಗಿಲು ತಟ್ಟಬಹುದಾಗಿತ್ತು.

ಇನ್ನು 1987ರ ಆದೇಶಕ್ಕೆ ಬರುತ್ತೇನೆ. 1949ರಿಂದ ಜಾರಿಯಲ್ಲಿದ್ದ ಆ ನಿಯಮ ನಿಲಯಗಳಿಂದ ಕೇಳುತ್ತಿದ್ದುದು ಎರಡು ವಿಷಯ: ಸಾರ್ವಜನಿಕ ಮಹತ್ವದ ವಿವಾದಗಳನ್ನು ಚರ್ಚಿಸಬೇಕು, ಚರ್ಚಿಸುವಾಗ ಭಿನ್ನ ಅಭಿಪ್ರಾಯಗಳಿಗೂ ಎಡೆ ಕೊಡಬೇಕು. ಸಮಾನ ನಿಮಿಷಗಳನ್ನು ಅದು ಕೇಳಿರಲಿಲ್ಲ. ಒಂದೇ ಕಾರ್ಯಕ್ರಮದಲ್ಲಿ ಎರಡೂ ಬದಿಗಳು ಬರಬೇಕೆಂದೂ ಹೇಳಿರಲಿಲ್ಲ. 1969ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು ರೆಡ್ ಲಯನ್ ಎಂಬ ಪೆನ್ಸಿಲ್ವೇನಿಯಾದ ಊರಿನ ನಿಲಯದ ಪ್ರಕರಣದಲ್ಲಿ. ಆ ನಿಲಯದಿಂದ ಪತ್ರಕರ್ತರೊಬ್ಬರ ಮೇಲೆ ವಾಗ್ದಾಳಿ ಮಾಡಿದ್ದವರು ಬಿಲ್ಲಿ ಜೇಮ್ಸ್ ಹಾರ್ಗಿಸ್ ಎಂಬ ಬಲಪಂಥೀಯ ಪಾದ್ರಿ. ಅಂದರೆ ನಿಯಮ ಇದ್ದಾಗಲೂ ಅಂಥ ಮಾತು ಗಾಳಿಯಲ್ಲಿ ಇತ್ತು. ಅದಕ್ಕೂ ಹಿಂದೆ, 1930ರ ದಶಕದಲ್ಲಿ, ಫಾದರ್ ಕಾಫ್ಲಿನ್ ಎಂಬ ಕ್ಯಾಥೊಲಿಕ್ ಪಾದ್ರಿಯ ಉಗ್ರ ರಾಜಕೀಯದ ರೇಡಿಯೊ ಪ್ರವಚನಗಳನ್ನು ಲಕ್ಷಾಂತರ ಜನ ಕೇಳುತ್ತಿದ್ದರು. ಲಿಂಬಾ ಸ್ಯಾಕ್ರಮೆಂಟೊದಲ್ಲಿ ರಾಜಕೀಯದ ಮಾತು ಆರಂಭಿಸಿ ಜನಪ್ರಿಯರಾದದ್ದು ಸಹ 1984ರಿಂದ, ನಿಯಮ ರದ್ದಾಗುವ ಮುನ್ನವೇ. 1987ರ ಆಗಸ್ಟ್‌ನ ತಮ್ಮ ಆದೇಶ ಅವರ ದಾರಿಯ ಒಂದು ದೊಡ್ಡ ಕಲ್ಲನ್ನು ಸರಿಸಿತು, ಅದರಲ್ಲಿ ಅನುಮಾನವಿಲ್ಲ. ದೂರು ಬಂದೀತೆಂಬ ಅಂಜಿಕೆಯಿಲ್ಲದೆ ದಿನವೂ ಮೂರು ಗಂಟೆ ಒಂದೇ ಬದಿಯ ಮಾತನ್ನು ಹಾಕಲು ನಿಲಯಗಳಿಗೆ ಧೈರ್ಯ ಬಂದದ್ದು ಆಮೇಲೆಯೇ. ಆದರೆ ಕಲ್ಲು ಸರಿದರಷ್ಟೇ ಗಾಡಿ ಓಡುವುದಿಲ್ಲ.

ಗಾಡಿಯನ್ನು ಓಡಿಸಿದ್ದು ಹಣದ ಲೆಕ್ಕ. 1970ರ ದಶಕದ ಕೊನೆಗೆ ಸಂಗೀತ ಕೇಳುವವರು ಎಎಂ ಎಂಬ ಹಳೆಯ ಬಗೆಯ ಪ್ರಸಾರದಿಂದ ಎಫ್‌ಎಂಗೆ ಹೊರಟುಹೋಗಿದ್ದರು, ಏಕೆಂದರೆ ಅಲ್ಲಿ ಧ್ವನಿ ಸ್ವಚ್ಛವಾಗಿತ್ತು. ಕೇಳುಗರಿಲ್ಲದ ಎಎಂ ನಿಲಯಗಳಿಗೆ ಏನಾದರೂ ಬೇಕಿತ್ತು, ಅದೂ ಅಗ್ಗದಲ್ಲಿ. ಎಬಿಸಿ ರೇಡಿಯೊ ಜಾಲದ ಮಾಜಿ ಮುಖ್ಯಸ್ಥ ಎಡ್ ಮೆಕ್‌ಲಾಫ್ಲಿನ್ ಲಿಂಬಾ ಅವರನ್ನು ನ್ಯೂಯಾರ್ಕಿಗೆ ಕರೆತಂದು, 1988ರ ಆಗಸ್ಟ್ 1ರಂದು 56 ನಿಲಯಗಳಲ್ಲಿ ಕಾರ್ಯಕ್ರಮ ಆರಂಭಿಸಿದಾಗ ಮುಂದಿಟ್ಟ ವ್ಯವಹಾರ ಸರಳವಾಗಿತ್ತು. ನಿಲಯವು ಕಾರ್ಯಕ್ರಮಕ್ಕೆ ನಗದು ಕೊಡಬೇಕಾಗಿಲ್ಲ. ಗಂಟೆಗೆ ಇಷ್ಟು ಜಾಹೀರಾತಿನ ನಿಮಿಷಗಳನ್ನು ಬಿಟ್ಟುಕೊಟ್ಟರೆ ಸಾಕು, ಉಳಿದ ನಿಮಿಷಗಳನ್ನು ತಾನೇ ಮಾರಿಕೊಳ್ಳಬಹುದು. ಉಪಗ್ರಹದಿಂದ ಮಾತು ಇಳಿದು ಬರುತ್ತದೆ, ಮಧ್ಯಾಹ್ನದ ಉದ್ಘೋಷಕನ ಸಂಬಳ ಉಳಿಯುತ್ತದೆ. ಹಗಲಿನಲ್ಲಿ ಜನ ತಮ್ಮ ಊರಿನ ವಿಷಯವನ್ನೇ ಕೇಳಬಯಸುತ್ತಾರೆ, ದೇಶಕ್ಕೆಲ್ಲ ಒಂದೇ ಹರಟೆ ನಡೆಯುವುದಿಲ್ಲ ಎಂದು ರೇಡಿಯೊ ಬಲ್ಲವರು ಹೇಳುತ್ತಿದ್ದರು. ಕೆಲವೇ ವರ್ಷಗಳಲ್ಲಿ ನಿಲಯಗಳ ಸಂಖ್ಯೆ 600 ದಾಟಿತು. ವಾರದ ಕೇಳುಗರ ಅಂದಾಜು ಒಂದೂವರೆ ಕೋಟಿಯಿಂದ ಎರಡು ಕೋಟಿಯವರೆಗೆ ಏರಿತು.

ಅಗ್ಗವಾಗಿದ್ದ ಮಾತ್ರಕ್ಕೆ ಜನ ಕೇಳುವುದಿಲ್ಲ ಎಂಬುದನ್ನೂ ಹೇಳಬೇಕು. ಲಿಂಬಾ ಸಾಮಾನ್ಯವಾಗಿ ಅತಿಥಿಗಳನ್ನು ಕರೆಯುತ್ತಿರಲಿಲ್ಲ. ಮೈಕಿನ ಹತ್ತಿರ ಕಾಗದಗಳನ್ನು ಸರಸರ ಮಾಡುತ್ತ, ಮೇಜಿನ ಮೇಲೆ ಬೆರಳು ಬಡಿಯುತ್ತ, ಒಂದು ವಾಕ್ಯದ ನಡುವೆ ಬೇಕೆಂದೇ ನಿಂತು, ಆ ಮೌನ ಕೇಳುಗನಿಗೆ ಅಸಹನೀಯವಾಗುವ ಹೊತ್ತಿಗೆ ಮುಂದಿನ ಪದವನ್ನು ಬಿಡುತ್ತಿದ್ದರು. ತನ್ನ ಪ್ರತಿಭೆ ದೇವರಿಂದ ಎರವಲು ತಂದದ್ದು ಎಂದೂ, ಎದುರಾಳಿಗಳಿಗೆ ಅನ್ಯಾಯವಾಗದಿರಲೆಂದು ಅರ್ಧ ಮಿದುಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೇನೆ ಎಂದೂ ಕೊಚ್ಚಿಕೊಳ್ಳುತ್ತಿದ್ದರು. ಆ ಜಂಬ ನಿಜವೋ ನಟನೆಯೋ ಎಂಬುದು ಕೊನೆಯವರೆಗೂ ಬಗೆಹರಿಯದಂತೆ ನೋಡಿಕೊಂಡರು. ತಾಳಮದ್ದಳೆಯ ಅರ್ಥಧಾರಿಗೆ ಎದುರು ಅರ್ಥಧಾರಿ ಇರುತ್ತಾನೆ, ಪೀಠಿಕೆ ಎಷ್ಟೇ ಉದ್ದವಾದರೂ ಒಂದು ಹಂತದಲ್ಲಿ ಉತ್ತರ ಕೇಳಲೇಬೇಕಾಗುತ್ತದೆ. ಲಿಂಬಾ ಮೂರು ಗಂಟೆಯ ಪ್ರಸಂಗವನ್ನು ಎದುರು ವೇಷವೇ ಇಲ್ಲದೆ ನಡೆಸಿದರು. ಕರೆ ಮಾಡುವವರಲ್ಲಿ ಹೆಚ್ಚಿನವರು ಹೌದಪ್ಪಗಳೇ ಆಗಿದ್ದರು. ತಮ್ಮನ್ನು ತಾವೇ ಡಿಟ್ಟೊಹೆಡ್ ಎಂದು ಹೆಮ್ಮೆಯಿಂದ ಕರೆದುಕೊಂಡ ಅವರಿಗೆ, ದೊಡ್ಡ ಪತ್ರಿಕೆಗಳೂ ದೂರದರ್ಶನ ಜಾಲಗಳೂ ತಮ್ಮನ್ನು ಗಣನೆಗೆ ತೆಗೆದುಕೊಂಡಿಲ್ಲ ಎಂಬ ಹಳೆಯ ಸಿಟ್ಟಿತ್ತು. ಆ ಸಿಟ್ಟು ಪೂರ್ತಿ ಆಧಾರವಿಲ್ಲದ್ದೂ ಆಗಿರಲಿಲ್ಲ.

ರಾಜಕೀಯ ಫಲ ಬೇಗ ಬಂತು. 1994ರ ಚುನಾವಣೆಯಲ್ಲಿ ರಿಪಬ್ಲಿಕನ್ನರು ನಾಲ್ಕು ದಶಕಗಳ ನಂತರ ಪ್ರತಿನಿಧಿ ಸಭೆಯನ್ನು ಗೆದ್ದಾಗ, ಹೊಸದಾಗಿ ಆಯ್ಕೆಯಾದವರು ಲಿಂಬಾ ಅವರನ್ನು ತಮ್ಮ ಗುಂಪಿನ ಗೌರವ ಸದಸ್ಯರೆಂದು ಕರೆದು ಸನ್ಮಾನಿಸಿದರು. 2009ರ ಜನವರಿಯಲ್ಲಿ, ಇನ್ನೂ ಅಧಿಕಾರ ವಹಿಸಿಕೊಳ್ಳದ ಒಬಾಮ ಅವರು ವಿಫಲರಾಗಲಿ ಎಂದು ಹಾರೈಸುವುದಾಗಿ ಲಿಂಬಾ ಹೇಳಿದರು. ಕೆಲವು ವಾರಗಳ ಬಳಿಕ ಅವರನ್ನು ಬರಿಯ ಮನರಂಜಕ ಎಂದು ಕರೆದ ರಿಪಬ್ಲಿಕನ್ ಪಕ್ಷದ ಅಧ್ಯಕ್ಷರೇ ಕ್ಷಮೆ ಕೇಳಬೇಕಾಯಿತು. ಪಕ್ಷ ಯಾರದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ.

ಅವರ ಮಾತಿನ ಕ್ರೌರ್ಯವನ್ನು ಪ್ರತಿಭೆಯ ಖಾತೆಗೆ ಹಾಕಿ ಮರೆಸಲಾಗದು. ಏಡ್ಸ್‌ನಿಂದ ಜನ ಸಾಯುತ್ತಿದ್ದ ಕಾಲದಲ್ಲಿ ಅವರನ್ನು ಅಣಕಿಸುವ ಹಾಡುಗಳೊಂದಿಗೆ ಒಂದು ಅಂಕಣ ನಡೆಸಿದರು. ಬೇಗನೇ ಅದನ್ನು ನಿಲ್ಲಿಸಿ ವಿಷಾದಿಸಿದರು, ನಿಜ. 2006ರಲ್ಲಿ ಪಾರ್ಕಿನ್ಸನ್ಸ್ ರೋಗದಿಂದ ನಡುಗುತ್ತಿದ್ದ ನಟ ಮೈಕೆಲ್ ಜೆ. ಫಾಕ್ಸ್ ಅವರ ಮೈಯ ಅಲುಗಾಟವನ್ನು ಸ್ಟುಡಿಯೊದಲ್ಲಿ ಅನುಕರಿಸಿ ತೋರಿಸಿದರು. 2012ರಲ್ಲಿ ಗರ್ಭನಿರೋಧಕಗಳಿಗೆ ವಿಮೆ ಇರಬೇಕೆಂದು ಸಂಸದರ ಮುಂದೆ ಹೇಳಿಕೆ ನೀಡಿದ ಕಾನೂನು ವಿದ್ಯಾರ್ಥಿನಿಯೊಬ್ಬರನ್ನು, ಬರೆಯಲು ನನ್ನ ಕೈ ಬಾರದ ಪದಗಳಿಂದ ನಿಂದಿಸಿದರು. ಮಾದಕ ವ್ಯಸನಿಗಳನ್ನು ಜೈಲಿಗೆ ಕಳುಹಿಸಬೇಕೆಂದು 1995ರಲ್ಲಿ ವಾದಿಸಿದ್ದವರೇ 2003ರ ಅಕ್ಟೋಬರ್‌ನಲ್ಲಿ ನೋವುನಿವಾರಕ ಮಾತ್ರೆಗಳ ಚಟ ತಮಗಿದೆ ಎಂದು ಕೇಳುಗರ ಮುಂದೆ ಒಪ್ಪಿಕೊಂಡು ಚಿಕಿತ್ಸೆಗೆ ಹೋದರು. 2020ರ ಫೆಬ್ರುವರಿಯಲ್ಲಿ ಕೊರೊನಾ ವೈರಸ್ಸನ್ನು ಸಾಮಾನ್ಯ ನೆಗಡಿ ಎಂದರು. ಅವರ ಮಾತನ್ನು ವೈದ್ಯರ ಮಾತಿಗಿಂತ ಹೆಚ್ಚು ನಂಬುತ್ತಿದ್ದವರು ಅದನ್ನು ಕೇಳಿಸಿಕೊಂಡರು.

ಇವುಗಳಲ್ಲಿ ಯಾವುದನ್ನೂ ಆಯೋಗ ತಡೆಯಬೇಕಿತ್ತು ಎಂದು ನಾನು ಕೇಳುತ್ತಿಲ್ಲ. ಪರವಾನಗಿಯನ್ನು ಮಾತಿನ ಮೇಲೆ ಬೀಸುವ ದೊಣ್ಣೆಯಾಗಿ ಬಳಸಿದರೆ ಅದು ಇಂದು ಒಬ್ಬರ ಕೈಯಲ್ಲಿರುತ್ತದೆ, ನಾಳೆ ಇನ್ನೊಬ್ಬರ ಕೈಗೆ ಹೋಗುತ್ತದೆ. 2012ರಲ್ಲಿ ಜಾಹೀರಾತುದಾರರು ಗುಂಪಾಗಿ ಕಾರ್ಯಕ್ರಮ ಬಿಟ್ಟುಹೋದಾಗ ಆದ ಪೆಟ್ಟು ಯಾವ ಸರ್ಕಾರಿ ದಂಡದಿಂದಲೂ ಆಗುತ್ತಿರಲಿಲ್ಲ. ಅದು ಕೇಳುಗರ ಕೆಲಸ, ಅವರೇ ಮಾಡಿದರು.

ಒಂದು ಘಟನೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕೆನಿಸುತ್ತದೆ. 2001ರಲ್ಲಿ ಕೆಲವೇ ತಿಂಗಳುಗಳಲ್ಲಿ ಲಿಂಬಾ ಅವರ ಕೇಳುವ ಶಕ್ತಿ ಬಹುಪಾಲು ಹೋಯಿತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಒಳಗಿವಿಯ ಮೇಲೆ ತಿರುಗಿಬಿದ್ದಿತ್ತು. ದೇಶದಲ್ಲೇ ಅತಿ ಹೆಚ್ಚು ಜನ ಕೇಳುತ್ತಿದ್ದ ರೇಡಿಯೊ ಮಾತುಗಾರನಿಗೆ ಕರೆ ಮಾಡಿದವರ ಮಾತು ಕೇಳಿಸದು, ತನ್ನ ಧ್ವನಿಯೂ ಸರಿಯಾಗಿ ಕೇಳಿಸದು. ಕಾರ್ಯಕ್ರಮ ನಿಲ್ಲಲಿಲ್ಲ. ಕರೆ ಮಾಡಿದವರು ಆಡಿದ್ದನ್ನು ಸಹಾಯಕರೊಬ್ಬರು ತಕ್ಷಣ ಬೆರಳಚ್ಚಿಸುತ್ತಿದ್ದರು, ಲಿಂಬಾ ಅದನ್ನು ಪರದೆಯ ಮೇಲೆ ಓದಿ ಉತ್ತರಿಸುತ್ತಿದ್ದರು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಕ್ಷಣದ ಅಂತರ ಉಳಿಯುತ್ತಿತ್ತು. ಕೆಲವೊಮ್ಮೆ ಪದಗಳ ಉಚ್ಚಾರ ಜಾರುತ್ತಿತ್ತು. ವರ್ಷದ ಕೊನೆಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಕೇಳಿಸಿಕೊಳ್ಳತೊಡಗಿದರು. ಮೊದಲೇ ಅವರದು ಹೆಚ್ಚು ಕೇಳಿಸಿಕೊಳ್ಳುವ ಕಾರ್ಯಕ್ರಮವಾಗಿರಲಿಲ್ಲ ಎಂದು ಚುಚ್ಚುವುದು ಸುಲಭ, ಆಗ ಹಲವರು ಚುಚ್ಚಿದರು ಕೂಡ. ನನಗೆ ಕಾಣುವುದು ಬೇರೆ: ಸಣ್ಣ ಊರುಗಳ ಸ್ಟುಡಿಯೊಗಳಲ್ಲಿ ಮೈಗೂಡಿದ ಕಸುಬು ಕಿವಿ ಇಲ್ಲದೆಯೂ ಅವರ ಕೈಬಿಡಲಿಲ್ಲ.

ಈಗ ಆ ಸ್ಟುಡಿಯೊಗಳ ಗತಿ ಏನಾಯಿತು ಎಂದು ಕೇಳೋಣ. 1996ರ ದೂರಸಂಪರ್ಕ ಕಾಯ್ದೆಗೆ ಮುಂಚೆ ಒಂದು ಕಂಪನಿ ದೇಶದಾದ್ಯಂತ ಹೆಚ್ಚೆಂದರೆ 40 ನಿಲಯಗಳನ್ನು ಹೊಂದಬಹುದಾಗಿತ್ತು. ಕಾಯ್ದೆ ಆ ರಾಷ್ಟ್ರೀಯ ಮಿತಿಯನ್ನು ಪೂರ್ತಿ ಕಿತ್ತುಹಾಕಿ, ದೊಡ್ಡ ನಗರವೊಂದರಲ್ಲೇ ಎಂಟು ನಿಲಯಗಳಿಗೆ ಅನುಮತಿ ಕೊಟ್ಟಿತು. ಸಹಿ ಹಾಕಿದವರು ಡೆಮಾಕ್ರಟಿಕ್ ಪಕ್ಷದವರಾದ ಅಮೆರಿಕದ ಅಧ್ಯಕ್ಷ ಕ್ಲಿಂಟನ್. ಇದನ್ನು ಎರಡೂ ಪಕ್ಷದವರು ಅನುಕೂಲಕ್ಕೆ ತಕ್ಕಂತೆ ಮರೆಯುತ್ತಾರೆ. ಮರುವರ್ಷ ಲಿಂಬಾ ಕಾರ್ಯಕ್ರಮದ ವಿತರಣಾ ಸಂಸ್ಥೆಯನ್ನು ಜೇಕರ್ ಎಂಬ ಕಂಪನಿ ಕೊಂಡಿತು. 1999ರಲ್ಲಿ ಜೇಕರ್ ಕಂಪನಿಯನ್ನು ಕ್ಲಿಯರ್ ಚಾನೆಲ್ ಕೊಂಡಿತು. ಕ್ಲಿಯರ್ ಚಾನೆಲ್ ಕೈಯಲ್ಲಿ ಕೊನೆಗೆ 1,200ಕ್ಕೂ ಹೆಚ್ಚು ನಿಲಯಗಳು ಸೇರಿದವು. ಕಾರ್ಯಕ್ರಮವೂ ಅದರದೇ, ಅದನ್ನು ಬಿತ್ತರಿಸುವ ನಿಲಯವೂ ಅದರದೇ ಎಂದ ಮೇಲೆ ಊರಿನ ಉದ್ಘೋಷಕನಿಗೆ ಮಧ್ಯಾಹ್ನದ ಹೊತ್ತನ್ನು ಬಿಟ್ಟುಕೊಡುವ ಕಾರಣವೇ ಉಳಿಯಲಿಲ್ಲ. 2008ರಲ್ಲಿ ಲಿಂಬಾ ಅವರ ಎಂಟು ವರ್ಷಗಳ ಹೊಸ ಒಪ್ಪಂದದ ಮೌಲ್ಯ ಸುಮಾರು 40 ಕೋಟಿ ಡಾಲರ್ ಎಂದು ವರದಿಯಾಯಿತು. ಅದೇ ಕಂಪನಿ ಹೆಸರು ಬದಲಿಸಿ ಐಹಾರ್ಟ್‌ಮೀಡಿಯಾ ಆಗಿ, ಸುಮಾರು 2,000 ಕೋಟಿ ಡಾಲರ್ ಸಾಲ ಹೊತ್ತು, 2018ರಲ್ಲಿ ದಿವಾಳಿ ನ್ಯಾಯಾಲಯದ ರಕ್ಷಣೆ ಕೋರಿತು. ದೊಡ್ಡದಾದರೆ ರೇಡಿಯೊ ಬದುಕುತ್ತದೆ ಎಂಬ ವಾದವನ್ನು ತಮ್ಮ ಮುಂದೆ ಇಡುವವರು ಈ ಕಥೆಯನ್ನು ಹೇಳುವುದಿಲ್ಲ.

ನಾರ್ತ್ ಡಕೋಟಾದ ಮೈನಾಟ್ ನಗರದಲ್ಲಿ 2002ರ ಜನವರಿ 18ರ ನಸುಕಿನಲ್ಲಿ ಗೂಡ್ಸ್ ರೈಲು ಹಳಿತಪ್ಪಿ ಅಮೋನಿಯಾ ಅನಿಲ ಊರಿನ ಮೇಲೆ ಹರಡಿತು. ಒಬ್ಬರು ಸತ್ತರು, ನೂರಾರು ಜನ ಅಸ್ವಸ್ಥರಾದರು. ಊರಿನ ಆರೂ ವಾಣಿಜ್ಯ ನಿಲಯಗಳು ಒಂದೇ ಕಂಪನಿಯ ಕೈಯಲ್ಲಿದ್ದವು. ಪೊಲೀಸರು ನಿಲಯಕ್ಕೆ ಕರೆ ಮಾಡಿದರೂ ಸಂಪರ್ಕ ಸಿಗಲಿಲ್ಲ ಎಂದು ಒಂದು ಕಡೆಯವರು, ತುರ್ತು ಸೂಚನಾ ವ್ಯವಸ್ಥೆಯನ್ನು ಪೊಲೀಸರೇ ಸರಿಯಾಗಿ ಬಳಸಲಿಲ್ಲ ಎಂದು ಕಂಪನಿಯವರು ಹೇಳಿದರು. ತಪ್ಪು ಯಾರದೇ ಇರಲಿ, ಆರು ಬೇರೆ ಬೇರೆ ಮಾಲೀಕರಿದ್ದಿದ್ದರೆ ಆ ಹೊತ್ತಿನಲ್ಲಿ ಫೋನ್ ಎತ್ತಲು ಒಬ್ಬರಾದರೂ ಇರುವ ಸಾಧ್ಯತೆ ಹೆಚ್ಚಿರುತ್ತಿತ್ತು. ಇಷ್ಟಾದ ಮೇಲೂ 2017ರ ಅಕ್ಟೋಬರ್‌ನಲ್ಲಿ ತಮ್ಮ ಆಯೋಗ, ನಿಲಯವು ತಾನು ಸೇವೆ ಸಲ್ಲಿಸುವ ಪ್ರದೇಶದಲ್ಲೇ ಮುಖ್ಯ ಸ್ಟುಡಿಯೊ ಹೊಂದಿರಬೇಕೆಂಬ ದಶಕಗಳ ಹಳೆಯ ನಿಯಮವನ್ನೂ ತೆಗೆದುಹಾಕಿತು. 1987ರ ಆದೇಶದ ಬಗ್ಗೆ ಇಂದಿಗೂ ಭಾಷಣಗಳಾಗುತ್ತವೆ. 2017ರ ಆದೇಶದ ಬಗ್ಗೆ ನನ್ನ ಪರಿಚಯದ ಯಾರೂ ಕೇಳಿಯೇ ಇಲ್ಲ. ಊರುಗಳಿಗೆ ಹೆಚ್ಚು ನಷ್ಟವಾದದ್ದು ಎರಡನೆಯದರಿಂದ ಎಂದು ನನ್ನ ಎಣಿಕೆ.

ಲಿಂಬಾ ಶ್ವಾಸಕೋಶದ ಕ್ಯಾನ್ಸರ್ ಇರುವುದನ್ನು 2020ರ ಫೆಬ್ರುವರಿ 3ರಂದು ಕೇಳುಗರಿಗೆ ತಿಳಿಸಿದರು. ಮರುದಿನವೇ ಸಂಸತ್ತಿನಲ್ಲಿ ಅಧ್ಯಕ್ಷ ಟ್ರಂಪ್ ಅವರ ವಾರ್ಷಿಕ ಭಾಷಣದ ನಡುವೆ, ಗ್ಯಾಲರಿಯಲ್ಲಿ ಕುಳಿತಿದ್ದ ಅವರ ಕೊರಳಿಗೆ ದೇಶದ ಅತ್ಯುನ್ನತ ನಾಗರಿಕ ಪದಕವನ್ನು ತೊಡಿಸಲಾಯಿತು. ಅರ್ಧ ಸಭೆ ಎದ್ದು ನಿಂತು ಕೂಗಿತು, ಇನ್ನರ್ಧ ಕುಳಿತೇ ಇತ್ತು. 2021ರ ಫೆಬ್ರುವರಿ 17ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಸುದ್ದಿಯನ್ನು ಅವರ ಪತ್ನಿ ಅದೇ ಕಾರ್ಯಕ್ರಮದಲ್ಲಿ ಹೇಳಿದರು. ಜೂನ್‌ನಲ್ಲಿ ಆ ಜಾಗಕ್ಕೆ ಇನ್ನಿಬ್ಬರು ಬಂದರು, ಮತ್ತೆ ಇಡೀ ದೇಶಕ್ಕೆ ಒಂದೇ ಕಾರ್ಯಕ್ರಮ.

ಹಾಗಾಗಿ ನನ್ನ ಬೇಡಿಕೆ ಮಾತಿಗೆ ಸಂಬಂಧಿಸಿದ್ದಲ್ಲ. ಫೇರ್‌ನೆಸ್ ಡಾಕ್ಟ್ರಿನ್ ಮರಳಿ ತರುವ ಗೊಡವೆಗೆ ಹೋಗಬೇಡಿ. ಒಂದೊಂದು ನಗರದಲ್ಲಿ ಒಬ್ಬ ಮಾಲೀಕನಿಗೆ ಉಳಿದಿರುವ ಮಿತಿಯನ್ನು ಮಾತ್ರ ಇನ್ನಷ್ಟು ಸಡಿಲಿಸಬೇಡಿ. ಬೇಸ್‌ಬಾಲ್ ಟಿಕೆಟ್ ಮಾರುತ್ತಿದ್ದ ಮೂವತ್ತರ ಆಸುಪಾಸಿನ ವಿಫಲ ಉದ್ಘೋಷಕನಿಗೆ ಇನ್ನೊಂದು ಅವಕಾಶ ಕೊಡುವ ಎರಡನೆಯ ಬಾಗಿಲು, ಅವನ ರಾಜಕೀಯ ಎಡವಿರಲಿ ಬಲವಿರಲಿ, ಊರಿನಲ್ಲಿ ಉಳಿದಿರಬೇಕು. ಮುಖ್ಯ ಸ್ಟುಡಿಯೊ ನಿಯಮವನ್ನು ಮೊದಲಿನಂತೆ ತರುವುದು ಸಣ್ಣ ಮಾಲೀಕರಿಗೆ ಹೊರೆಯಾಗುವುದಾದರೆ, ಇಷ್ಟಕ್ಕಿಂತ ಹೆಚ್ಚು ನಿಲಯಗಳಿರುವ ಕಂಪನಿಗಳಿಗೆ ಮಾತ್ರ ಅನ್ವಯಿಸಿ. ಪ್ರತಿ ನಿಲಯವೂ ಸಾರ್ವಜನಿಕರಿಗಾಗಿ ಇಡಬೇಕಾದ ಕಡತ ಈಗಾಗಲೇ ತಮ್ಮ ಜಾಲತಾಣದಲ್ಲಿದೆ. ವಾರದಲ್ಲಿ ಎಷ್ಟು ಗಂಟೆಯ ಕಾರ್ಯಕ್ರಮ ಆ ಊರಿನಲ್ಲೇ ತಯಾರಾಯಿತು, ರಾತ್ರಿ ಹೊತ್ತು ನಿಲಯದ ಫೋನ್ ಎತ್ತುವವರು ಯಾವ ಊರಿನಲ್ಲಿ ಕುಳಿತಿರುತ್ತಾರೆ ಎಂಬ ಎರಡು ಸಾಲುಗಳನ್ನು ಆ ಕಡತಕ್ಕೆ ಸೇರಿಸುವಂತೆ ಆದೇಶಿಸಿ. ಮುಂದಿನ ಮರುಪರಿಶೀಲನೆಯ ವೇಳೆಗೆ ಆ ಅಂಕಿಗಳು ತಮ್ಮ ಮುಂದಿದ್ದರೆ, ಮಿತಿಯನ್ನು ಸಡಿಲಿಸಬೇಕೋ ಬಿಗಿಗೊಳಿಸಬೇಕೋ ಎಂಬುದನ್ನು ಯಾರದೋ ಊಹೆಯ ಮೇಲೆ ತೀರ್ಮಾನಿಸುವ ಅಗತ್ಯ ಬೀಳದು.

ಇಂತು ವಿಶ್ವಾಸದಿಂದ,
ಮಿಸೌರಿ ರಾಜ್ಯದ ಒಬ್ಬ ಕೇಳುಗ